ಕಡಲಮನೆಯ ಹೊಸಿಲು

ಹೊಸಿಲಿನ ಮೇಲೆ ಕುಳಿತುಕೊಳ್ಳಬಾರದೆಂಬ ಗದರಿಕೆಯನ್ನು ಕೇಳದೆ ಬೆಳೆದ ಕನ್ನಡಿಗರು ವಿರಳ. ಹೊಸಿಲನ್ನು ತುಳಿಯಬಾರದು, ದಾಟಬೇಕು. ಅದರ ಆಚೆ ನಿಂತವರಿಗೆ ಈಚೆಯಿಂದ ಏನನ್ನೂ ಕೊಡಬಾರದು. ಹೊಸ ಮನೆಯನ್ನು ಹೊಗುವಾಗ ಬಲಗಾಲನ್ನು ಮುಂದಿಡಬೇಕು. ಮದುವಣಗಿತ್ತಿ ಅಕ್ಕಿಯ ಸೇರನ್ನು ಕಾಲಿನಿಂದ ಉರುಳಿಸಿ ಮನೆಯವಳಾಗುವುದು ಹೊಸಿಲಿನ ಮೇಲೆಯೇ. ಮಾರ್ಗಶಿರ ಮಾಸದ ಹುಣ್ಣಿಮೆಗೆ ಹೊಸಿಲ ಹುಣ್ಣಿಮೆಯೆಂದೇ ನಮ್ಮಲ್ಲಿ ಹೆಸರು. ಒಳಗೂ ಸಾವಿಲ್ಲ, ಹೊರಗೂ ಸಾವಿಲ್ಲವೆಂಬ ವರದಿಂದ ಬೀಗಿದ್ದ ಹಿರಣ್ಯಕಶಿಪುವನ್ನು ನರಸಿಂಹನು ಸೀಳಿದ್ದು ಹೊಸಿಲಿನಲ್ಲಿ. ಇನ್ನು ನಮ್ಮ ಶಾಸ್ತ್ರಕಾರರು, ಒಂದೇ ಮಾತು ಹಿಂದಿನದಕ್ಕೂ ಮುಂದಿನದಕ್ಕೂ ಸಲ್ಲುವುದನ್ನು ವಿವರಿಸಬೇಕಾದಾಗ, ಹೊಸಿಲ ಮೇಲಿಟ್ಟ ದೀಪವು ಒಳಗನ್ನೂ ಹೊರಗನ್ನೂ ಬೆಳಗುವಂತೆ ಎಂದು ‘ದೇಹಲೀದೀಪ ನ್ಯಾಯ’ವನ್ನು ಹೇಳಿದರು.

ಇಷ್ಟನ್ನೂ ಇಪ್ಪತ್ತು ವರ್ಷಗಳಿಂದ ತರಗತಿಯಲ್ಲಿ ಹೇಳುತ್ತ ಬಂದ ನಾನು, ಹೊಸಿಲೆಂಬುದು ಏತಕ್ಕಾಗಿ ಇದೆಯೆಂದು ತಿಳಿದದ್ದು ಮಾತ್ರ ಕಳೆದ ಬೇಸಗೆಯ ರಜೆಯಲ್ಲಿ, ಇಂಗ್ಲೆಂಡಿನ ಒಂದು ಹಾಯಿದೋಣಿಯಲ್ಲಿ.

ನನ್ನ ಹಳೆಯ ಶಿಷ್ಯನೊಬ್ಬ ಇಂಗ್ಲೆಂಡಿನ ನೈಋತ್ಯ ಮೂಲೆಯ ಕಾರ್ನ್‌ವಾಲ್ ಪ್ರಾಂತದಲ್ಲಿದ್ದಾನೆ. ಕೆಲಸ ಗಣಕಯಂತ್ರದ್ದು, ಚಟ ಕಡಲಿನದು. ಅಲ್ಲಿ ಮನೆಯ ಬಾಡಿಗೆ ದುಬಾರಿ. ಗಂಡಹೆಂಡಿರು ಆಲೋಚಿಸಿ, ಮೂವತ್ತೆರಡು ಅಡಿ ಉದ್ದದ ಹಳೆಯ ಫೈಬರ್‌ಗ್ಲಾಸ್ ಹಾಯಿದೋಣಿಯೊಂದನ್ನು ಕೊಂಡು, ಪೆನ್ರಿನ್ ನದಿಯ ತೇಲುವ ಕಟ್ಟೆಗೆ ಅದನ್ನು ಕಟ್ಟಿ, ಅದರಲ್ಲಿಯೇ ಸಂಸಾರ ಹೂಡಿದರು. ಮಗನ ಮನೆಯನ್ನು ಕಣ್ಣಾರೆ ನೋಡಬೇಕೆಂದು ಅವನ ತಂದೆಗೆ ಆಸೆ. ಅವರು ತೀರ್ಥಹಳ್ಳಿಯ ಕಡೆಯ ಅಡಕೆ ಬೆಳೆಗಾರರು, ಎಪ್ಪತ್ತೆರಡು ವರ್ಷ, ಮೊಣಕಾಲಿನಲ್ಲಿ ನೋವು, ವಿಮಾನ ಕಂಡವರಲ್ಲ. ಲಂಡನ್ನಿನ ಒಂದು ವಿಚಾರಗೋಷ್ಠಿಗೆ ನನಗೆ ಕರೆ ಬಂದದ್ದು ತಿಳಿದು ಶಿಷ್ಯ ಫೋನು ಮಾಡಿದ: “ಸರ್, ಅಪ್ಪಯ್ಯನ್ನ ನಿಮ್ಮ ಜೊತೆ ಕರ್ಕೊಂಡು ಬನ್ನಿ. ಮೂರು ವಾರ ನೀವೂ ಇಲ್ಲೇ ಇರಿ.”

ಪ್ಯಾಡಿಂಗ್‌ಟನ್ ನಿಲ್ದಾಣದಿಂದ ರೈಲು ಹತ್ತಿ, ಟ್ರೂರೋದಲ್ಲಿ ಇಳಿದು, ಪುಟ್ಟ ಕವಲುಮಾರ್ಗದ ಗಾಡಿಯಲ್ಲಿ ಪೆನ್ರಿನ್ ತಲುಪಿದಾಗ ಸಂಜೆಯಾಗಿತ್ತು. ದೊಡ್ಡ ಭರತದ ದಿನಗಳಲ್ಲಿ ಅಲ್ಲಿಯ ನೀರು ನಾಲ್ಕು ಮೀಟರಿಗೂ ಮೀರಿ ಏರಿಳಿಯುತ್ತದೆ. ಇಳಿತದಲ್ಲಿ ನದಿಯ ಬಹುಭಾಗ ಬರಿಯ ಕೆಸರು. ನಾವು ಹೋದಾಗ ಭರತವಿತ್ತು. ಹತ್ತಾರು ದೋಣಿಗಳು ಕೊಟ್ಟಿಗೆಯ ದನಗಳಂತೆ ಸಾಲಾಗಿ ಕಟ್ಟಿಕೊಂಡು ಅಲುಗಾಡುತ್ತಿದ್ದವು. ಮುದುಕರು ಮಗನ ತೋಳು ಹಿಡಿದು ಹೇಗೋ ದೋಣಿಯನ್ನು ಹತ್ತಿದರು. ಸೊಸೆ ಒಳಗಿನಿಂದ ನಗುತ್ತ, “ಬನ್ನಿ ಮಾವ” ಎಂದಳು. ಆದರೆ ಬರುವುದೆಂತು?

ಹಾಯಿದೋಣಿಯಲ್ಲಿ ವಾಸಿಸುವವರ ಮನೆಯ ರಚನೆಯನ್ನು ಇಲ್ಲಿ ಸ್ವಲ್ಪ ವಿವರಿಸಬೇಕು. ದೋಣಿಯ ಹಿಂಭಾಗದಲ್ಲಿ ಚುಕ್ಕಾಣಿ ಹಿಡಿದು ಕೂರುವ ಒಂದು ತಗ್ಗು ಸ್ಥಳವಿದೆ. ಅದನ್ನು ದೋಣಿಯ ಅಂಗಳವೆನ್ನೋಣ. ಮುಂದಿನ ಮುಚ್ಚಿದ ಭಾಗವೇ ಮನೆ. ಅಡಿಗೆ, ಊಟ, ನಿದ್ದೆ ಎಲ್ಲವೂ ಅಲ್ಲಿ, ನೀರಿನ ಮಟ್ಟಕ್ಕಿಂತ ತುಸು ಕೆಳಗೆ. ಅಂಗಳಕ್ಕೂ ಮನೆಗೂ ನಡುವಣ ದಾರಿಗೆ ಆಂಗ್ಲರು ‘ಕಂಪ್ಯಾನಿಯನ್‌ವೇ’ ಎನ್ನುತ್ತಾರೆ. ಸಂಗಾತಿಗಳು ಓಡಾಡುವ ದಾರಿಯೆಂದು ನಾನು ತಿಳಿದಿದ್ದೆ. ನಿಘಂಟನ್ನು ನೋಡಿದರೆ ಕಥೆ ಬೇರೆ. ಹಡಗಿನಲ್ಲಿ ದಿನಸಿಯಿಡುವ ಕೋಣೆಗೆ ಇದ್ದ ಇಟಲಿಯ ಹೆಸರು ಫ್ರೆಂಚರ ಬಾಯಲ್ಲಿ ಹಾದು, ಡಚ್ಚರಲ್ಲಿ ಹಡಗಿನ ಹಿಂಭಾಗದ ಮೇಲುಪ್ಪರಿಗೆಯ ಹೆಸರಾಗಿ, ಇಂಗ್ಲಿಷಿಗೆ ಬರುವಾಗ ‘ಸಂಗಾತಿ’ಯ ವೇಷ ತೊಟ್ಟುಕೊಂಡಿತು. ಆದರೂ ಎರಡು ಪದಗಳ ಬೇರಿನಲ್ಲಿರುವುದು ರೊಟ್ಟಿಯನ್ನು ಹೇಳುವ ಒಂದೇ ಲ್ಯಾಟಿನ್ ಮಾತು. ರೊಟ್ಟಿಯನ್ನು ಹಂಚಿಕೊಂಡವನು ಸಂಗಾತಿ. ರೊಟ್ಟಿಯನ್ನಿಟ್ಟ ಕೋಣೆ ಈ ದಾರಿಯ ಮೂಲ.

ಈ ಬಾಗಿಲು ನಮ್ಮ ಬಾಗಿಲಿನಂತಲ್ಲ. ಅಂಗಳದ ನೆಲದಿಂದ ಒಂದೂವರೆ ಅಡಿ ಎತ್ತರದ ಗೋಡೆಯೇ ಅದರ ಹೊಸಿಲು. ಅದನ್ನು ಹತ್ತಬೇಕು. ತಲೆಯ ಮೇಲೆ ಮುಂದಕ್ಕೆ ಜಾರುವ ಮುಚ್ಚಳವೊಂದಿದೆ. ಅದನ್ನು ಸರಿಸಿ ತಲೆ ಬಾಗಬೇಕು. ಬಳಿಕ ಮನೆಗೆ ಬೆನ್ನು ತಿರುಗಿಸಿ, ಏಣಿಯಂತೆ ಕಡಿದಾದ ಮೆಟ್ಟಿಲುಗಳ ಮೇಲೆ ಹಿಮ್ಮುಖವಾಗಿ ನಾಲ್ಕು ಅಡಿ ಇಳಿಯಬೇಕು. ಮುಚ್ಚುವುದಕ್ಕೆ ಕೀಲುಬಾಗಿಲಿಲ್ಲ; ಎರಡು ಬದಿಯ ಗಾಡಿಗಳಲ್ಲಿ ಒಂದರ ಮೇಲೊಂದು ಇಳಿಬಿಡುವ ಮೂರು ಅಡ್ಡಹಲಗೆಗಳು. ನಮ್ಮ ಹಳೆಯ ಪೇಟೆಬೀದಿಗಳ ಅಂಗಡಿಗಳನ್ನು ರಾತ್ರಿ ಮುಚ್ಚುವಾಗ ಗುರುತು ಹಾಕಿದ ಹಲಗೆಗಳನ್ನು ಒಂದೊಂದಾಗಿ ಜೋಡಿಸುತ್ತಿದ್ದುದನ್ನು ನೋಡಿದವರಿಗೆ ಇದು ಸುಲಭವಾಗಿ ಅರ್ಥವಾದೀತು. ಅಲ್ಲಿ ಹಲಗೆಗಳು ನಿಂತಿರುತ್ತಿದ್ದವು, ಇಲ್ಲಿ ಮಲಗಿರುತ್ತವೆ, ಅಷ್ಟೆ.

ಮಲೆನಾಡಿನ ಮನೆಗಳ ಮುಂಬಾಗಿಲಿಗೆ ‘ತಲೆಬಾಗಿಲು’ ಎಂದು ಹೆಸರು. ತಲೆ ಬಾಗಿಸಿ ಹೋಗುವುದರಿಂದ ಹಾಗೆನ್ನುವರೆಂದು ವಿನೋದವಾಗಿ ಅರ್ಥ ಹೇಳುವುದುಂಟು. ಆದ್ದರಿಂದ ತಲೆ ಬಾಗುವುದು ಮುದುಕರಿಗೆ ಕಷ್ಟವಾಗಲಿಲ್ಲ; ಕಾಲು ಎತ್ತುವುದು ಕಷ್ಟವಾಯಿತು. ಹೊಸಿಲನ್ನು ಹತ್ತಿ ನಿಂತವರಿಗೆ ಹಿಡಿಯಲು ಏನೂ ಸಿಕ್ಕಲಿಲ್ಲ. ಮೊದಲ ಮೆಟ್ಟಿಲಿನಲ್ಲಿ ಕಾಲು ಜಾರಿತು. ಮಗ ಹಿಡಿಯದಿದ್ದರೆ ಅನಾಹುತವಾಗುತ್ತಿತ್ತು. ಅವರು ಮತ್ತೆ ಅಂಗಳಕ್ಕಿಳಿದು ಕುಳಿತು, ಉಸಿರು ಸುಧಾರಿಸಿಕೊಂಡು, “ಮೇಷ್ಟ್ರೇ, ಮಗನ ಮನೆಗೆ ಬೆನ್ನು ಹಾಕಿ ಒಳಗೆ ಹೋಗೋದು ನನಗೆ ಆಗೋದಿಲ್ಲ. ನಾನು ದಡದಲ್ಲೇ ಇರ್ತೀನಿ” ಎಂದರು. ಆ ರಾತ್ರಿ ನಾವಿಬ್ಬರೂ ಊರಿನೊಳಗಿನ ಒಂದು ತಂಗುಮನೆಯಲ್ಲಿ ಮಲಗಿದೆವು. ಸಾವಿರಾರು ಮೈಲಿ ಹಾರಿ ಬಂದ ತಂದೆಗೂ, ಅಡಿಗೆ ಮಾಡಿಟ್ಟು ಕಾದಿದ್ದ ಸೊಸೆಗೂ ನಡುವೆ ಒಂದೂವರೆ ಅಡಿಯ ಗೋಡೆಯೊಂದು ಉಳಿದುಬಿಟ್ಟಿತು.

ಮರುದಿನ ಬೆಳಿಗ್ಗೆ ನಾನು ಹೋಗುವಷ್ಟರಲ್ಲಿ ಶಿಷ್ಯ ಪೆನ್ಸಿಲಿನಿಂದ ಹೊಸಿಲ ಗೋಡೆಯ ಮೇಲೆ ಗೆರೆಯೆಳೆದು, ಗರಗಸವನ್ನು ಸಿದ್ಧಪಡಿಸಿಕೊಂಡಿದ್ದ. “ಒಂದೂವರೆ ಅಡಿಯನ್ನೂ ಕತ್ತರಿಸಿ ತೆಗೆದುಬಿಡ್ತೀನಿ ಸರ್. ನೆಲಕ್ಕೆ ಸಮವಾದರೆ ಅಪ್ಪಯ್ಯ ನಡ್ಕೊಂಡೇ ಬರಬಹುದು” ಎಂದ. ನನಗೂ ಸರಿಯೆನಿಸಿತು. ತಂದೆಗಾಗಿ ಮಗ ಹೊಸಿಲನ್ನು ತಗ್ಗಿಸುವುದು ಕೇಳುವುದಕ್ಕೂ ಚೆನ್ನಾಗಿತ್ತು. ಅಷ್ಟರಲ್ಲಿ ಪಕ್ಕದ ದೋಣಿಯ ವೃದ್ಧ, ದೋಣಿ ಕಟ್ಟುವುದರಲ್ಲಿಯೇ ತಲೆ ನರೆಸಿಕೊಂಡವನು, ಚಹದ ಬಟ್ಟಲು ಹಿಡಿದು ಬಂದು ಪೆನ್ಸಿಲ್ ಗೆರೆಯನ್ನು ನೋಡಿದ. ನೋಡಿ ಬಟ್ಟಲನ್ನು ಕೆಳಗಿಟ್ಟು, “ಮುಂದಿನ ವರ್ಷ ಬಿಸ್ಕೆ ಕೊಲ್ಲಿ ದಾಟಿ ಪೋರ್ಚುಗಲ್ಲಿಗೆ ಹೋಗಬೇಕೆಂದಿದ್ದೆಯಲ್ಲ, ಆ ಆಲೋಚನೆ ಬಿಟ್ಟೆಯೋ?” ಎಂದು ಕೇಳಿದ. ಇಲ್ಲವೆಂದ ನನ್ನ ಶಿಷ್ಯ. “ಹಾಗಿದ್ದರೆ ಗರಗಸವನ್ನು ಒಳಗಿಡು” ಎಂದು ಹೇಳಿ, ೧೯೭೯ರ ಆಗಸ್ಟ್ ತಿಂಗಳ ಕಥೆಯನ್ನು ತೆಗೆದ.

ಇಂಗ್ಲೆಂಡಿನ ಕೌಸ್ ಎಂಬ ಬಂದರಿನಿಂದ ಹೊರಟು, ಐರ್ಲೆಂಡಿನ ತೆಂಕಣ ತುದಿಯಾಚೆಯ ಫಾಸ್ಟ್‌ನೆಟ್ ಬಂಡೆಯನ್ನು ಬಳಸಿ, ಪ್ಲಿಮತ್ತಿಗೆ ಮರಳುವ ಪಂದ್ಯಕ್ಕೆ ಆ ವರ್ಷ ೩೦೩ ಹಾಯಿದೋಣಿಗಳು ಹೊರಟಿದ್ದವು. ಆಗಸ್ಟ್ ೧೩ರ ರಾತ್ರಿ ಬಿರುಗಾಳಿ ಎರಗಿತು. ಕತ್ತಲೆಯಲ್ಲಿ ದೋಣಿಗಳು ಮಗುಚಿ ಬಿದ್ದವು; ಕೆಲವು ಪೂರ್ತಿ ತಲೆಕೆಳಗಾಗಿ ಎದ್ದವು. ಪಂದ್ಯ ಮುಗಿಸಿದವು ೮೫ ಮಾತ್ರ. ಹದಿನೈದು ಮಂದಿ ಪಂದ್ಯಾಳುಗಳು ಸತ್ತರು. ೨೪ ದೋಣಿಗಳನ್ನು ಜನರು ತೊರೆದರು. ಅವುಗಳಲ್ಲಿ ಮುಳುಗಿದವು ಐದು, ಮಿಕ್ಕವು ತೇಲುತ್ತಲೇ ಸಿಕ್ಕಿದವು. ಪೆನ್ರಿನ್ನಿಗೆ ಸಮೀಪದ ಕಲ್‌ಡ್ರೋಸ್ ನೌಕಾನೆಲೆಯಿಂದ ಹೆಲಿಕಾಪ್ಟರುಗಳು ಹಾರಿ ಜನರನ್ನು ಎತ್ತಿ ತಂದವು. ಆಗ ಈ ವೃದ್ಧ ಒಂದು ದೋಣಿಕಟ್ಟೆಯಲ್ಲಿ ಕೆಲಸ ಕಲಿಯುತ್ತಿದ್ದ ಹುಡುಗ. ದುರಸ್ತಿಗೆ ಬಂದ ಒಂದು ದೋಣಿಯನ್ನು ಅವನು ನೋಡಿದ್ದ. ಅದರ ಬಾಗಿಲ ಗಾಡಿಗಳಲ್ಲಿ ಒಂದು ಹಲಗೆಯೂ ಉಳಿದಿರಲಿಲ್ಲವಂತೆ; ಒಳಗೆ ಹಾಸಿಗೆ, ಪಾತ್ರೆ, ಪುಸ್ತಕ ಎಲ್ಲವೂ ಒಂದೇ ಮುದ್ದೆಯಾಗಿದ್ದವಂತೆ.

ಆ ದುರಂತವನ್ನು ಕುರಿತು ಅಲ್ಲಿಯ ಎರಡು ಹಿರಿಯ ನೌಕಾವಿಹಾರ ಸಂಸ್ಥೆಗಳು ಅದೇ ವರ್ಷ ವಿಚಾರಣೆ ನಡೆಸಿ ವರದಿಯನ್ನು ಪ್ರಕಟಿಸಿದವು. ಅದು ಎತ್ತಿ ತೋರಿದ ದೋಷಗಳಲ್ಲಿ ಮುಖ್ಯವಾದದ್ದು ಈ ಬಾಗಿಲ ಹಲಗೆಗಳದು. ಅನೇಕ ದೋಣಿಗಳಲ್ಲಿ ಬಾಗಿಲಿನ ಆಕಾರ ಮೇಲೆ ಅಗಲ, ಕೆಳಗೆ ಕಿರಿದು. ಹೀಗೆ ಮಾಡುವುದು ಅನುಕೂಲಕ್ಕಾಗಿ: ಹಲಗೆಯನ್ನು ಎರಡು ಬೆರಳಷ್ಟು ಎತ್ತಿದರೆ ಸಾಕು, ಗಾಡಿಯಿಂದ ಬಿಡಿಸಿಕೊಂಡು ಕೈಗೆ ಬರುತ್ತದೆ. ದೋಣಿ ಮಗುಚಿದಾಗ ಕಡಲಿಗೂ ಅದೇ ಅನುಕೂಲ ಒದಗುತ್ತದೆ. ಹಲಗೆ ತಾನಾಗಿ ಜಾರಿ ಬೀಳುತ್ತದೆ, ನೀರು ನುಗ್ಗುತ್ತದೆ. ಕಡಲ ನೀರು ಒಂದು ಘನಮೀಟರಿಗೆ ಒಂದು ಟನ್ನಿಗಿಂತ ಹೆಚ್ಚು ತೂಗುತ್ತದೆಂಬುದನ್ನು ನೆನೆದರೆ, ತೆರೆದ ಬಾಗಿಲಿನ ಅರ್ಥ ತಿಳಿಯುತ್ತದೆ. ಹೊಸಿಲ ಎತ್ತರಕ್ಕೂ ಇದೇ ಕಾರಣ. ಹಿಂದಿನಿಂದ ಬಂದ ಅಲೆಯೊಂದು ಅಂಗಳವನ್ನು ತುಂಬಿದರೆ, ಆ ನೀರು ತೂಬುಗಳಲ್ಲಿ ಬಸಿದು ಹೋಗುವವರೆಗೂ ಮನೆಯನ್ನು ಕಾಯುವುದು ಆ ಒಂದೂವರೆ ಅಡಿ. ನೆಲಕ್ಕೆ ಸಮವಾದ ಬಾಗಿಲು ಬಂದರಿನಲ್ಲಿ ಸುಖ. ಕಡಲಿನಲ್ಲಿ ಅದು ಕೊಡದ ಮುಚ್ಚಳವಿಲ್ಲದ ಬಾಯಿ.

ವೃದ್ಧನು ಕೊನೆಗೆ ಹೇಳಿದ ಮಾತು ನನ್ನ ಮನಸ್ಸಿನಲ್ಲಿ ನಿಂತಿದೆ: “ಹೊಸಿಲು ಎತ್ತರವಾಯಿತೆಂದು ಅದನ್ನು ಕಡಿಯಬೇಡ. ಅದರ ಪಕ್ಕ ಒಂದು ಮೆಟ್ಟಿಲನ್ನಿಡು. ಹಿಡಿಯುವುದಕ್ಕೆ ಒಂದು ಹಿಡಿಯನ್ನು ಕೊಡು.”

ಅಂದಿನಿಂದ ಎಂಟು ದಿನ ಕೆಲಸ ನಡೆಯಿತು. ಮೊದಲನೆಯದಾಗಿ, ಅಂಗಳದಲ್ಲಿ ಹೊಸಿಲಿಗೆ ಒತ್ತಿ ನಿಲ್ಲುವಂತೆ ಅರ್ಧ ಎತ್ತರದ ತೇಗದ ಪೆಟ್ಟಿಗೆಯೊಂದನ್ನು ಮಾಡಿದರು. ಒಳಗೆ ಹಗ್ಗ ಇಡಬಹುದು, ಮೇಲೆ ಕಾಲಿಡಬಹುದು. ಕಡಲಿಗೆ ಹೊರಡುವಾಗ ಅಗುಳಿ ತಿರುಗಿಸಿ ಕಳಚಿಡಬಹುದು. ಹೀಗೆ ಒಂದೂವರೆ ಅಡಿಯ ಒಂದು ಹೆಜ್ಜೆ ಮುಕ್ಕಾಲು ಅಡಿಯ ಎರಡು ಹೆಜ್ಜೆಯಾಯಿತು. ಎರಡನೆಯದಾಗಿ, ಬಾಗಿಲಿನ ಎರಡು ಬದಿಗೂ ತುಕ್ಕು ಹಿಡಿಯದ ಉಕ್ಕಿನ ಹಿಡಿಗಳು ಬಂದವು. ಅವನ್ನು ಮರದ ತಿರುಪಿನಿಂದ ಬಿಗಿದರೆ ಸಾಲದು. ಗೋಡೆಯ ಹಿಂದೆ ತಗಡನ್ನಿಟ್ಟು, ಆರಪಾರ ಬೋಲ್ಟು ಹಾಕಿ ಬಿಗಿಯಬೇಕು. ಬೀಳುವ ಮನುಷ್ಯನ ಭಾರವೆಲ್ಲ ಒಂದು ಕ್ಷಣ ಅದರ ಮೇಲೆ ಬರುತ್ತದೆ. ಅಲ್ಲಿಯೇ, ಒಳಗಿನಿಂದ ಕೈಗೆಟಕುವಂತೆ ಒಂದು ಬಲವಾದ ಬಳೆಯನ್ನೂ ಕೂರಿಸಿದರು. ಬಿರುಗಾಳಿಯಲ್ಲಿ ಹೊರಗೆ ಬರುವವನು ತನ್ನ ಸೊಂಟದ ಪಟ್ಟಿಯ ಕೊಂಡಿಯನ್ನು ಅದಕ್ಕೆ ಸಿಕ್ಕಿಸಿದ ಮೇಲೆಯೇ ಹೊಸಿಲು ದಾಟಬೇಕು.

ಮೂರನೆಯದು ಮೆಟ್ಟಿಲುಗಳು. ಅವುಗಳ ಕೆಳಗೆ ಯಂತ್ರವಿದೆ. ಯಂತ್ರ ಕೆಟ್ಟಾಗ ಮೆಟ್ಟಿಲುಗಳನ್ನು ಇಡಿಯಾಗಿ ಎತ್ತಿ ತೆಗೆಯುವಂತಿರಬೇಕು. ಆದರೂ ದೋಣಿ ಮಗುಚಿದಾಗ ಅವು ಹಾರಿ ಬೀಳಬಾರದು. ಏಣಿಯ ಇಳಿಜಾರನ್ನು ತುಸು ತಗ್ಗಿಸಿದರೆ ಒಳಗಿನ ಜಾಗ ಹೋಗುತ್ತದೆ. ಸೊಸೆ ಅಡಿಗೆಕಟ್ಟೆಯ ಒಂದು ಗೇಣನ್ನು ಬಿಟ್ಟುಕೊಟ್ಟಳು. ಮೂವತ್ತೆರಡು ಅಡಿಯ ಮನೆಯಲ್ಲಿ ಒಂದು ಗೇಣೆಂದರೆ ಎಷ್ಟೆಂಬುದು ಅಲ್ಲಿ ಅಡಿಗೆ ಮಾಡುವವರಿಗೇ ಗೊತ್ತು. ಪ್ರತಿ ಮೆಟ್ಟಿಲಿನ ಎರಡು ತುದಿಗಳನ್ನೂ ಮೇಲಕ್ಕೆ ಬಾಗಿಸಿದರು: ಗಾಳಿಗೆ ದೋಣಿ ಒಂದು ಪಕ್ಕಕ್ಕೆ ವಾಲಿದಾಗ ಆ ಬಾಗಿದ ತುದಿಯೇ ಸಮತಟ್ಟಾಗಿ ಕಾಲಿಗೆ ಸಿಗುತ್ತದೆ. ಮೇಲೆ ಜಾರದ ಒರಟು ಪಟ್ಟಿಗಳನ್ನು ಅಂಟಿಸಿದರು.

ನಾಲ್ಕನೆಯದು ಹಲಗೆಗಳು. ಗಾಡಿಗಳನ್ನು ಸಮಾಂತರವಾಗಿ ಮಾಡಿ, ಹಲಗೆಗಳನ್ನು ಹೊಸದಾಗಿ ಕೊಯ್ದರು. ಪ್ರತಿಯೊಂದಕ್ಕೂ ಅಗುಳಿ, ಅದನ್ನು ಒಳಗಿನಿಂದಲೂ ಹೊರಗಿನಿಂದಲೂ ತೆಗೆಯಬಹುದು. ಹೊರಗಿನವನು ಹೊರಗೆ ಉಳಿಯಬಾರದು, ಒಳಗಿನವನು ಸೆರೆಯಾಗಲೂಬಾರದು. ಪ್ರತಿಯೊಂದಕ್ಕೂ ಒಂದು ಮೊಳ ಹುರಿ. ಹಲಗೆ ಬಿದ್ದರೂ ಕಡಲ ಪಾಲಾಗುವುದಿಲ್ಲ. ಮೇಲಿನ ಹಲಗೆಯನ್ನು ಮರದಿಂದ ಮಾಡದೆ, ಪಾಲಿಕಾರ್ಬೊನೇಟ್ ಎಂಬ, ಗಾಜಿನಂತೆ ಪಾರದರ್ಶಕವೂ ಗಾಜಿಗಿಂತ ಬಹಳ ಗಟ್ಟಿಯೂ ಆದ ವಸ್ತುವಿನಿಂದ ಮಾಡಿದರು. ಅಲ್ಲಿಯ ಚಳಿಗಾಲದ ಹಗಲು ಎಂಟು ಗಂಟೆಯಷ್ಟೆ. ಮರದ ಹಲಗೆಗಳನ್ನು ಹಾಕಿದರೆ ಮನೆ ಗುಹೆಯಾಗುತ್ತದೆ. ಬಂದರಿನಲ್ಲಿರುವಾಗ ಬಳಸಲು ಜಾಲಂದರವಿರುವ ಇನ್ನೊಂದು ಹಲಗೆಯೂ ಆಯಿತು. ದೋಣಿಯಲ್ಲಿ ವಾಸಿಸುವವರಿಗೆ ಕಡಲಿಗಿಂತ ನಿತ್ಯದ ವೈರಿ ತಮ್ಮ ಉಸಿರಿನ ಮತ್ತು ಅಡಿಗೆಯ ಆವಿಯೇ. ಚಳಿಯಲ್ಲಿ ಅದು ತಣ್ಣನೆಯ ಗೋಡೆಗಳ ಮೇಲೆ ಹನಿಗಟ್ಟಿ, ಹಾಸಿಗೆಯನ್ನು ನೆನೆಸಿ, ಬೂಜು ಹಿಡಿಸುತ್ತದೆ. ಗಾಳಿ ಬರಬೇಕು, ಮಳೆ ಬರಬಾರದು. ಬೆಳಕು ಬರಬೇಕು, ಅಲೆ ಬರಬಾರದು. ತಂದೆ ಬರಬೇಕು, ಕಡಲು ಬರಬಾರದು. ಎರಡಡಿ ಅಗಲದ ಬಾಗಿಲಿನ ಮುಂದೆ ಇಷ್ಟು ಬೇಡಿಕೆಗಳು ನಿಂತಿದ್ದವು.

ಅಂಟು ಒಣಗಲೆಂದು ಕೆಲಸ ನಿಲ್ಲಿಸಿದ ದಿನ ನಾನೂ ಮುದುಕರೂ ಹತ್ತಿರದ ಫಾಲ್ಮತ್ ಬಂದರನ್ನು ನೋಡಲು ಹೋದೆವು. ರಾಬಿನ್ ನಾಕ್ಸ್-ಜಾನ್‌ಸ್ಟನ್ ೧೯೬೮ರ ಜೂನ್ ೧೪ರಂದು ಇಲ್ಲಿಂದ ಒಬ್ಬನೇ ಹೊರಟು, ಎಲ್ಲಿಯೂ ನಿಲ್ಲದೆ ಭೂಮಿಯನ್ನು ಸುತ್ತಿ, ೩೧೨ ದಿನಗಳ ಮೇಲೆ, ೧೯೬೯ರ ಏಪ್ರಿಲ್ ೨೨ರಂದು ಇಲ್ಲಿಗೇ ಮರಳಿದ. ಹಾಗೆ ಮಾಡಿದವರಲ್ಲಿ ಅವನೇ ಮೊದಲಿಗ. ಅವನ ‘ಸುಹೈಲಿ’ ದೋಣಿಯನ್ನು ಕಟ್ಟಿದ್ದು ಮುಂಬಯಿಯಲ್ಲಿ, ತೇಗದ ಮರದಿಂದ. ಅದರ ಉದ್ದವೂ ಮೂವತ್ತೆರಡು ಅಡಿ. ಇದನ್ನು ಕೇಳಿ ಮುದುಕರು, “ನಮ್ಮ ಕಡೆ ಮರಕ್ಕೆ ಅಷ್ಟು ತಾಳಿಕೆ ಇದ್ದೇ ಇದೆ” ಎಂದು ಸಮಾಧಾನಪಟ್ಟುಕೊಂಡರು. ಬ್ಲಾಂಡಿ ಹ್ಯಾಸ್ಲರ್ ಎಂಬ ಇನ್ನೊಬ್ಬ ನಾವಿಕ ಬಾಗಿಲಿನ ತೊಡಕೇ ಬೇಡವೆಂದು, ತನ್ನ ‘ಜೆಸ್ಟರ್’ ದೋಣಿಯ ಅಂಗಳವನ್ನೇ ಮುಚ್ಚಿ, ಮಾಡಿನಲ್ಲಿ ಒಂದು ದುಂಡನೆಯ ಕಿಂಡಿಯನ್ನು ಬಿಟ್ಟುಕೊಂಡ. ಅದರಲ್ಲಿ ನಿಂತೇ ಹಾಯಿಯನ್ನೂ ಚುಕ್ಕಾಣಿಯನ್ನೂ ನಡೆಸುತ್ತ, ೧೯೬೦ರ ಮೊದಲ ಏಕಾಕಿ ಅಟ್ಲಾಂಟಿಕ್ ಪಂದ್ಯವನ್ನು ೪೮ ದಿನಗಳಲ್ಲಿ ಮುಗಿಸಿ ಎರಡನೆಯವನಾದ. “ಒಬ್ಬನೇ ಇರೋನಿಗೆ ಕಿಂಡಿ ಸಾಕು ಮೇಷ್ಟ್ರೇ. ನೆಂಟರು ಬರೋ ಮನೆಗೆ ಬಾಗಿಲು ಬೇಕು” ಎಂದು ಮುದುಕರು ತೀರ್ಪು ಕೊಟ್ಟರು.

ಒಂಬತ್ತನೆಯ ದಿನ ಗೃಹಪ್ರವೇಶ. ಮುದುಕರು ಪೆಟ್ಟಿಗೆಯ ಮೇಲೆ ಬಲಗಾಲಿಟ್ಟರು. ಎರಡು ಕೈಯಿಂದ ಹಿಡಿಗಳನ್ನು ಹಿಡಿದು ಹೊಸಿಲನ್ನೇರಿದರು. ಅಭ್ಯಾಸಬಲದಿಂದ ತಲೆ ಬಾಗಿತು. ಅಲ್ಲಿ ಒಂದು ನಿಮಿಷ ನಿಂತರು. ಹಿಮ್ಮುಖವಾಗಿ ಇಳಿಯುವ ಕಷ್ಟ ಇನ್ನೂ ಉಳಿದೇ ಇತ್ತು; ಅದನ್ನು ಯಾವ ಬಡಗಿಯೂ ತಪ್ಪಿಸುವಂತಿರಲಿಲ್ಲ. ನಾವೆಲ್ಲ ಸುಮ್ಮನಿದ್ದೆವು. ಅವರು ಮೆಲ್ಲನೆ ತಿರುಗಿ, ಅಂಗಳದಾಚೆಯ ನೀರನ್ನು ನೋಡುತ್ತ, ಒಂದೊಂದೇ ಮೆಟ್ಟಿಲನ್ನು ಕಾಲಿನಿಂದ ತಡವಿ ಇಳಿದರು. ಕೆಳಗೆ ನಿಂತು ಹೇಳಿದರು: “ಗುಡಿಯಿಂದ ಹೊರಗೆ ಬರುವಾಗ ದೇವರಿಗೆ ಬೆನ್ನು ತೋರಿಸೋದಿಲ್ಲ, ಹಿಂದೆ ಹಿಂದೆ ಬರ್ತೀವಿ. ಇಲ್ಲಿ ಕಡಲಿಗೆ ಬೆನ್ನು ತೋರಿಸಬಾರದು ಅಂತ ಕಾಣುತ್ತೆ. ಅದಕ್ಕೇ ಹೀಗೆ ಮಾಡಿದ್ದಾರೆ.”

ಸೊಸೆ ಮುಖ ತಿರುಗಿಸಿ ಕಣ್ಣೊರಸಿಕೊಂಡಳು. ಬಳಿಕ ಮಾವ ತಂದಿದ್ದ ಅರಿಸಿನ ಕುಂಕುಮವನ್ನು ತೇಗದ ಪಟ್ಟಿಯ ಮೇಲೆ ಹಚ್ಚಿದಳು. ರಾತ್ರಿ ಬಂದ ಮಳೆ ಅದನ್ನು ತೊಳೆಯಿತು. ಬೆಳಿಗ್ಗೆ ಮತ್ತೆ ಹಚ್ಚಿದಳು. ಒಂದು ವಿಷಯದಲ್ಲಿ ಮಾತ್ರ ತಂದೆಮಕ್ಕಳಿಗೆ ಒಮ್ಮತವಾಗಲಿಲ್ಲ. ರಾತ್ರಿ ಕಾವಲಿನ ನಾವಿಕನಿಗೆ ಗಾಳಿ ತಾಗದೆ, ಎರಡು ಬದಿಗೂ ಒರಗಿ, ಹೊರಗನ್ನು ನೋಡುತ್ತ ಕೂರಲು ಹೊಸಿಲಿಗಿಂತ ಒಳ್ಳೆಯ ಜಾಗವಿಲ್ಲವಂತೆ. ಮಗ ಅಲ್ಲಿ ಕುಳಿತಾಗಲೆಲ್ಲ, “ಏಳೋ, ಹೊಸಿಲ ಮೇಲೆ ಕೂರಬೇಡ” ಎಂದು ಒಳಗಿನಿಂದ ಗದರಿಕೆ ಬರುತ್ತಿತ್ತು. ಇಷ್ಟಾದರೂ ಪ್ರತಿ ರಾತ್ರಿ ಮಲಗುವ ಮುನ್ನ ಎದ್ದು ಹೋಗಿ, ಮೂರು ಹಲಗೆಗಳ ಅಗುಳಿಯನ್ನೂ ಹುರಿಯನ್ನೂ ಕೈಯಿಂದ ಮುಟ್ಟಿ ನೋಡುತ್ತಿದ್ದವರು ಆ ಮುದುಕರೇ.

ಊರಿಗೆ ಮರಳುವ ವಿಮಾನದಲ್ಲಿ ನನಗೆ ನನ್ನ ಗರಗಸ ನೆನಪಾಯಿತು. ಹಳಗನ್ನಡ ಕಠಿಣವೆಂದು ವಿದ್ಯಾರ್ಥಿಗಳು ದೂರಿದಾಗ, ಪಂಪನ ಪದ್ಯಗಳನ್ನು ಬದಿಗಿಟ್ಟು, ಕಥೆಯ ಸಾರವನ್ನು ನಾಲ್ಕು ಪುಟಗಳಲ್ಲಿ ಬರೆಯಿಸಿ, ಪರೀಕ್ಷೆ ದಾಟಿಸಿದ ಮೇಷ್ಟರಲ್ಲಿ ನಾನೂ ಒಬ್ಬ. ನಡೆದುಕೊಂಡೇ ಬರಲೆಂದು ಹೊಸಿಲನ್ನು ನೆಲಸಮ ಮಾಡಿದ್ದೆ. ಬಂದವರು ಬಂದರು, ಆದರೆ ಅವರು ಬಂದದ್ದು ಪಂಪನ ಮನೆಗಲ್ಲ. ಈ ವರ್ಷ ಕಾಲೇಜು ತೆರೆದ ಮೇಲೆ ಸಾರದ ಪುಟಗಳನ್ನು ಹಂಚಲಿಲ್ಲ. ಪದ್ಯವನ್ನು ಕರಿಹಲಗೆಯ ಮೇಲೆ ಬರೆದು, ಪದಗಳನ್ನು ಬಿಡಿಸಿ, ಅನ್ವಯವನ್ನು ಜೋಡಿಸಿ, ಒಂದು ಗಂಟೆಗೆ ಎರಡೇ ಪದ್ಯಗಳಂತೆ ಹೋಗುತ್ತಿದ್ದೇನೆ. ಪಾಠ ಹಿಂದುಳಿದಿದೆ. ಕೆಲವರು ಇನ್ನೂ ಮೊದಲ ಮೆಟ್ಟಿಲಿನ ಮೇಲೆ ತಡವರಿಸುತ್ತಿದ್ದಾರೆ. ಅವರ ಕೈಗೆ ಸಿಗುವಷ್ಟು ಹತ್ತಿರದಲ್ಲಿ ನಿಂತಿರುವುದೇ ನನ್ನ ಕೆಲಸವೆಂದು ಈಗ ತಿಳಿದಿದ್ದೇನೆ.